ಹರಿದ ಫ್ರಾಕಿಗೆ ಇಸ್ತ್ರಿ

ಪಣಜಿ ಕಡೆಯ ಡಿಚೋಲಿಯ ಹತ್ತಿರ ನನ್ನ ಮಗಳು ಓದುತ್ತಿದ್ದ ಚರ್ಚಿನ ಶಾಲೆಯ ಗೇಟಿಗೆ ಒಂದು ಅಮೃತಶಿಲೆಯ ಹಲಗೆ ಕೂರಿಸಿದ್ದಾರೆ. ಅತ್ಯಂತ ಬಡ ಮಗುವಿನ ಕೈ ಹಿಡಿಯುವುದೇ ಈ ಶಾಲೆಯ ಧ್ಯೇಯ ಎಂದು ಅದರ ಮೇಲೆ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ ಕೊರೆದಿದೆ. ಆ ಹಲಗೆ ದಾಟಿ ಒಳಗೆ ಹೋಗಲು ನಾವು ಗಂಡ ಹೆಂಡತಿ ನಮ್ಮ ಡಿಗ್ರಿ ಸರ್ಟಿಫಿಕೇಟು, ಸಂಬಳದ ಚೀಟಿ ಎಲ್ಲ ತೋರಿಸಬೇಕಾಯಿತು. ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವರು ನಾವು. ಸಂದರ್ಶನಕ್ಕೆ ನಾನು ರೇಷ್ಮೆ ಸೀರೆಯನ್ನೇ ಉಟ್ಟು ಹೋಗಿದ್ದೆ. ಬಡವರಿಗಾಗಿ ಹುಟ್ಟಿದ ಶಾಲೆಯಲ್ಲಿ, ನಾವು ಬಡವರಲ್ಲವೆಂದು ನಂಬಿಸಿ ಸೀಟು ಗಿಟ್ಟಿಸಿದೆವು.

ಶಾಲೆಯ ಇತಿಹಾಸವನ್ನು ಪ್ರತಿ ವರ್ಷ ಸ್ಥಾಪನಾ ದಿನದಂದು ನಾಟಕವಾಗಿ ಆಡಿ ತೋರಿಸುತ್ತಾರೆ. ಸ್ಥಾಪಕ ಫಾದರ್ ಛತ್ರಿ ಹಿಡಿದು, ಕೈಗಂಟೆ ಬಾರಿಸುತ್ತ ಮನೆಮನೆಗೆ ಹೋಗಿ ಕೂಲಿಯವರ ಮಕ್ಕಳನ್ನು ಕರೆತಂದು ಚರ್ಚಿನ ಜಗಲಿಯ ಮೇಲೆ ಅಕ್ಷರ ಕಲಿಸಿದರಂತೆ. ನಾನು ಮೊದಲು ನೋಡಿದ ವರ್ಷ ಅವರು ಹೊಳೆ ದಾಟಿ ಬಂದರು. ಮರುವರ್ಷ ಅದೇ ಹೊಳೆಗೆ ಮಹಾಪೂರ ಬಂದಿತ್ತು. ಅದರ ಮರುವರ್ಷ ಮೊಸಳೆಯೂ ಬಂತು. ಆ ಪುಣ್ಯಾತ್ಮರು ನಿಜಕ್ಕೂ ಒಳ್ಳೆಯವರೇ ಇದ್ದಿರಬೇಕು. ಈಗೇನಾದರೂ ಎದ್ದು ಬಂದರೆ ಗೇಟಿನ ಕಾವಲುಗಾರ ಅವರನ್ನೂ ಗುರುತಿನ ಚೀಟಿ ಕೇಳುತ್ತಾನೆ.

ನಾಟಕದ ಕೊನೆಗೆ ಒಂದು ಮಗು ಮೈಕಿನ ಮುಂದೆ ಬಂದು ಶಾಲೆಯ ಧ್ಯೇಯವನ್ನು ಬಾಯಿಪಾಠ ಹೇಳುವುದು ಪದ್ಧತಿ. ನಾಲ್ಕನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಅದನ್ನು ಬಚ್ಚಲಮನೆಯಲ್ಲೂ ಬಿಡದೆ ಹೇಳುತ್ತಿದ್ದಳು. ಅವಳಿಗಿಂತ ನನಗೇ ಆ ಮೈಕಿನ ಆಸೆ ಹೆಚ್ಚು. ಇಲ್ಲಿ ಘಟ್ಟದ ಮೇಲಿನಿಂದ ಬಂದವರನ್ನೆಲ್ಲ ‘ಘಾಟಿ’ ಎಂದು ಒಂದೇ ಚೀಲಕ್ಕೆ ತುಂಬುತ್ತಾರೆ. ಗಾರೆ ಹೊರುವವನು, ಅದಿರಿನ ಲಾರಿ ಓಡಿಸುವವನು, ಬ್ಯಾಂಕಿನ ಮ್ಯಾನೇಜರು, ಎಲ್ಲರಿಗೂ ಅದೇ ಹೆಸರು. ಮಗಳು ಸೊಗಸಾದ ಇಂಗ್ಲಿಷಿನಲ್ಲಿ ಧ್ಯೇಯ ಹೇಳಿದರೆ ನಾವು ಬೇರೆ ಜನ ಎಂದು ಊರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ.

ಅವಳಿಗೆ ಸಿಕ್ಕಿದ್ದು ಬಡ ಮಗುವಿನ ಪಾತ್ರ. ಮಾತಿಲ್ಲ, ಜಗಲಿಯ ಮೇಲೆ ನಡುಗುತ್ತ ಕೂತಿರಬೇಕು. ಜೊತೆಗೆ ಕೂರುವವರು ಯಾರು ಎಂದು ಕೇಳಿದೆ. ಎಲ್ಲ ನಮ್ಮ ಕಡೆಯವರೇ, ವಿಜಯಪುರ, ಬಾಗಲಕೋಟೆ ಕಡೆಯ ಲಾರಿ ಡ್ರೈವರುಗಳ, ಗೌಂಡಿಗಳ ಹೆಣ್ಣುಮಕ್ಕಳು. ಈಚೆಗೆ ಊರಿನವರು ಹಳೆಯ ಆಳ್ವಿಕೆಯ ಹಕ್ಕಿನಲ್ಲಿ ಪೋರ್ಚುಗಲ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಮಕ್ಕಳ ಸಮೇತ ಲಂಡನ್ನಿಗೆ ಹೋದ ಮೇಲೆ ಖಾಲಿ ಬಿದ್ದ ಬೆಂಚುಗಳನ್ನು ತುಂಬಲು ಶಾಲೆಗೆ ಈ ಮಕ್ಕಳು ಬೇಕಾಗಿದ್ದರು. ಧ್ಯೇಯ ಇದ್ದಕ್ಕಿದ್ದಂತೆ ನೆನಪಾಗಿತ್ತು.

ನಾನು ಸೀದಾ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಹತ್ತಿರ ಹೋದೆ. ಅವರು ನಕ್ಕರು. ಮಾತಿಲ್ಲದ ಪಾತ್ರವೇ ಕಷ್ಟದ್ದು, ನಿಮ್ಮ ಕಡೆಯ ಮಕ್ಕಳ ಮುಖದಲ್ಲಿ ಅದು ಸಹಜವಾಗಿ ಬರುತ್ತದೆ ಎಂದರು. ನನ್ನ ಮೈಯೆಲ್ಲ ಉರಿಯಿತು. ನನ್ನ ತಂದೆ ಕಾಲೇಜಿನಲ್ಲಿ ಪ್ರೊಫೆಸರಾಗಿದ್ದರು ಎಂದೆ. ಸಿಸ್ಟರ್ ತಲೆದೂಗಿ, ಈ ಸಲ ಚೆನ್ನಾಗಿ ಬಡವಳಾದರೆ ಬರುವ ವರ್ಷ ಮೈಕು ಅವಳದೇ ಎಂದರು. ಅಷ್ಟಕ್ಕೇ ನಾನು ಮೆತ್ತಗಾದೆ.

ಮರುದಿನ ವಾಟ್ಸಾಪಿನಲ್ಲಿ ಸೂಚನೆ ಬಂತು: ಬಡವರ ಉಡುಪು, ಹರಿದ ಬಟ್ಟೆ, ಎಣ್ಣೆ ಹಚ್ಚದ ಕೂದಲು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕುಲ ನಮ್ಮದು, ಸಂಬಳದವರ ಕುಲ. ಸೂಚನೆ ಬಂದರೆ ಅಕ್ಷರಶಃ ಪಾಲಿಸುತ್ತೇವೆ. ಒಂದು ಒಳ್ಳೆಯ ತುಂಬುತೋಳಿನ ಫ್ರಾಕು ತೆಗೆದು ಕತ್ತರಿ ಹಾಕಿದೆ. ನಮ್ಮ ಮನೆಯವರು ಕನ್ನಡಕ ಏರಿಸಿ, ಸಾಲದ ಅರ್ಜಿ ನೋಡುವ ಗಾಂಭೀರ್ಯದಿಂದ ಅದನ್ನು ಪರೀಕ್ಷಿಸಿದರು.

“ಇದು ಟೇಲರ್ ಹರಿದಂಗ ಕಾಣಸ್ತದ. ಮೊಣಕೈ ಹತ್ರ ಹರೀರಿ, ಅಲ್ಲೇ ಖರೇ ಸವೀತದ” ಎಂದರು.

ಮೊಣಕೈ ಹತ್ತಿರ ಹರಿದೆ. ಅಂಚನ್ನು ಕಲ್ಲಿಗೆ ತಿಕ್ಕಿ ನೂಲು ಬಿಡಿಸಿದೆ. ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದೆ. ಕೊನೆಗೆ ಇಸ್ತ್ರಿ ಮಾಡಿದೆ, ಮುದುಡಿದ ಬಟ್ಟೆ ಹಾಕಿ ಮಗಳನ್ನು ಹೊರಗೆ ಕಳಿಸಿ ನನಗೆ ರೂಢಿಯಿಲ್ಲ.

ಸ್ಥಾಪನಾ ದಿನದಂದು ವೇದಿಕೆಯ ಹಿಂದೆ ಹೋಗಿ ನೋಡುತ್ತೇನೆ, ಉಳಿದ ಬಡ ಮಕ್ಕಳೆಲ್ಲ ಝಗಝಗ ಹೊಳೆಯುತ್ತಿದ್ದಾರೆ. ಖಣದ ಲಂಗ, ಜರಿಯಂಚು, ಕಾಲಲ್ಲಿ ಗೆಜ್ಜೆ, ಜಡೆಯ ತುಂಬ ಮಲ್ಲಿಗೆ, ಮುಖಕ್ಕೆ ಬೆಳ್ಳಗೆ ಪೌಡರು. ನಾಟಕದ ಟೀಚರು ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ನಮ್ಮ ಓಣಿಯ ಲಾರಿ ಡ್ರೈವರನ ಹೆಂಡತಿ ತನ್ನ ಮಗಳ ಹೂವು ಸರಿಮಾಡುತ್ತಿದ್ದಳು. ಸೂಚನೆ ಬಂದಿರಲಿಲ್ಲವೇ ಎಂದು ಕೇಳಿದೆ.

“ಬಂದಿತ್ತ್ರೀ ಅಕ್ಕಾರ. ಓದಿಸಿ ಕೇಳೇವಿ. ಆದ್ರ ನಾಕು ಮಂದಿ ಮುಂದ ಸ್ಟೇಜ್ ಮ್ಯಾಲ ನಿಂದ್ರೂ ಹುಡುಗಿಗಿ ಹರಕ ಹಾಕಿ ಕಳಸೂದೇನ್ರಿ? ಮಂದಿ ಏನಂದಾರು?” ಎಂದಳು.

ಬದಲಿಸಲು ಹೊತ್ತಿರಲಿಲ್ಲ, ಪರದೆ ಸರಿಯಿತು. ಹತ್ತಿ ಗಡ್ಡ ಅಂಟಿಸಿಕೊಂಡ ಡಾಕ್ಟರರ ಮಗ ಸ್ಥಾಪಕ ಫಾದರ್ ಆಗಿ ಮೊಸಳೆಯನ್ನು ಛತ್ರಿಯಿಂದ ಓಡಿಸಿ ಜಗಲಿಗೆ ಬಂದ. “ಅಯ್ಯೋ, ಮೈತುಂಬ ಬಟ್ಟೆಯಿಲ್ಲದ ಮಕ್ಕಳೇ!” ಎಂದು ಖಣದ ಲಂಗಗಳ ಕಡೆ ಕೈಚಾಚಿದ. ಜನ ಗೊಳ್ಳೆಂದು ನಕ್ಕರು. ಹುಡುಗ ಚುರುಕು, ಸುತ್ತ ನೋಡಿ ನನ್ನ ಮಗಳನ್ನು ಹುಡುಕಿ ಅವಳೊಬ್ಬಳನ್ನೇ ಅಪ್ಪಿಕೊಂಡ. ಆಮೇಲೆ ಬೇರೆ ಹುಡುಗಿಯೊಬ್ಬಳು ಬಂದು ಅತ್ಯಂತ ಬಡ ಮಗುವಿನ ಕೈ ಹಿಡಿಯುವ ಧ್ಯೇಯವನ್ನು ಹೇಳಿದಳು. ನಡುವೆ ಎರಡು ಸಲ ಮರೆತಳು. ಕೂತಲ್ಲೇ ತುಟಿ ಅಲ್ಲಾಡಿಸಿ ಪೂರ್ತಿ ಹೇಳಿದವಳು ನನ್ನ ಮಗಳು.

ಪಣಜಿಯಿಂದ ಮುಖ್ಯ ಅತಿಥಿಯಾಗಿ ಬಂದಿದ್ದ ವಯಸ್ಸಾದ ಫಾದರ್ ಕಣ್ಣೊರೆಸಿಕೊಂಡು ಎದ್ದರು. ಸ್ಥಾಪಕರ ನೆನಪಿಗೆ ಒಂದು ಬಡ ಮಗುವಿಗೆ ಯೂನಿಫಾರ್ಮ್ ಬಟ್ಟೆ, ಪುಸ್ತಕ ತುಂಬಿದ ಚೀಲ ಕೊಡುವುದು ಅಲ್ಲಿಯ ವಾಡಿಕೆ. ಯಾರಿಗೆ ಎಂದು ಸಿಸ್ಟರ್ ಕಿವಿಯಲ್ಲಿ ಹೇಳುವ ಮೊದಲೇ ಅವರು ನನ್ನ ಮಗಳನ್ನು ಮುಂದೆ ಕರೆದರು. ಅಪ್ಪ ಏನು ಕೆಲಸ ಮಾಡುತ್ತಾರೆ ಮಗು ಎಂದು ಮೈಕಿನಲ್ಲೇ ಕೇಳಿದರು.

“ಬ್ಯಾಂಕಿನಲ್ಲಿ” ಎಂದಳು, ಸೊಗಸಾದ ಇಂಗ್ಲಿಷಿನಲ್ಲಿ.

“ಗುಡಿಸುವುದಿರಲಿ, ಬಾಗಿಲು ಕಾಯುವುದಿರಲಿ, ದೇವರ ಮುಂದೆ ಯಾವ ಕೆಲಸವೂ ಕೀಳಲ್ಲ” ಎಂದರು ಫಾದರ್. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮೂರನೆಯ ಸಾಲಿನಲ್ಲಿ ತಮ್ಮ ಬ್ಯಾಂಕಿನ ಸಾಲಗಾರರ ನಡುವೆ ಕೂತಿದ್ದ ನಮ್ಮ ಮನೆಯವರು ಏನೂ ತೋಚದೆ ತಾವೂ ತಟ್ಟಿದರು. ಸಿಸ್ಟರಿಗೆ ಎಲ್ಲ ಗೊತ್ತಿತ್ತು. ನನ್ನತ್ತ ಒಮ್ಮೆ ನೋಡಿ ಮುಖ ತಿರುಗಿಸಿ ಜೋರಾಗಿ ತಟ್ಟಿದರು. ಮಗಳು ಚೀಲ ತೆಗೆದುಕೊಂಡು, ಶಾಲೆಯಲ್ಲಿ ಕಲಿಸಿದಂತೆ “ದೇವ್ ಬರೆಂ ಕರುಂ” ಎಂದು ಕೊಂಕಣಿಯಲ್ಲಿ ಕೃತಜ್ಞತೆ ಹೇಳಿದಳು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ. ನಾಚಿಕೆಯಿಂದ ನನಗೆ ಅಳುವೇ ಬಂತು.

ಹೊರಗೆ ಗೇಟಿನ ಹತ್ತಿರ ಡ್ರೈವರನ ಹೆಂಡತಿ ಗುಂಪಿನಿಂದ ಬಿಡಿಸಿಕೊಂಡು ಬಂದು ನನ್ನ ಕೈ ಹಿಡಿದಳು. ಅವಳ ಮುಖದಲ್ಲಿ ಕುಚೋದ್ಯವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ಅಳಬ್ಯಾಡ್ರಿ ಅಕ್ಕಾರ. ನಿಮಗ ಇಷ್ಟು ತ್ರಾಸ ಐತೆಂತ ನನಗೇನ್ ಗೊತ್ತು? ಮೊದಲ ಒಂದು ಮಾತು ಹೇಳಿದ್ರ ನಮ್ಮ ಹುಡುಗೀದ ಇನ್ನೊಂದು ಲಂಗ ಕೊಡತಿದ್ನೆಲ್ಲ” ಎಂದಳು.