ಸಿಸ್ಟರ್ ಕೇಳುತ್ತಿದ್ದ ಬಣ್ಣ

ಸಿಸ್ಟರ್ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ವರ್ಷಗಟ್ಟಲೆ ಸ್ಟ್ರಿಪ್ಪಿನಿಂದ ಮಾತ್ರೆ ಒತ್ತಿ ತೆಗೆದ ಉಗುರು ಅದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ಷಯದವರನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಅವರ ಕಣ್ಣೆದುರೇ ಮಾತ್ರೆ ನುಂಗಬೇಕು, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಆಮೇಲಷ್ಟೇ ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದರು.

ನಾನು ಪುತ್ತೂರು–ಕಡಬ ಬಸ್ಸಿನ ಕಂಡಕ್ಟರ್. ಕ್ಷಯವೆಂದು ಗೊತ್ತಾದ ವಾರವೇ ಲಾಕ್‌ಡೌನ್ ಬಂತು. ಪೆರಾಬೆಯ ಮನೆಯ ಹೊರಕೋಣೆ ಸೇರಿದೆ. ಒಳಗೆ ಹೆಂಡತಿ, ಎಂಟು ತಿಂಗಳ ಮಗಳು. ಊಟ ಕಿಟಕಿಯಲ್ಲಿ ಬರುತ್ತಿತ್ತು. ಕೆಮ್ಮು ಕೇಳಿದರೆ ನೆರೆಯವರು ಕೊರೊನಾ ಎಂದು ದೂರು ಕೊಟ್ಟಾರೆಂದು ದಿಂಬಿಗೆ ಬಾಯಿ ಒತ್ತಿ ಕೆಮ್ಮುತ್ತಿದ್ದೆ. ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದ ಗಂಟಲಿಗೆ ಆ ಗತಿ ಬಂದಿತ್ತು.

ಎರಡು ತಿಂಗಳ ಮೇಲೆ ಕಫದಲ್ಲಿ ಕ್ರಿಮಿ ಕಾಣದಿದ್ದರೆ ಮಗಳನ್ನು ಎತ್ತಿಕೊಳ್ಳಬಹುದು ಎಂದಿದ್ದರು ಸಿಸ್ಟರ್. ಆದರೆ ಕಫ ಪರೀಕ್ಷೆ ಮಾಡುವವರನ್ನು ಕೊರೊನಾ ಸ್ವಾಬ್ ತೆಗೆಯಲು ಕಳಿಸಿಬಿಟ್ಟಿದ್ದರು. ಇವತ್ತಿಲ್ಲ, ನಾಳೆ ಎನ್ನುತ್ತಲೇ ತಿಂಗಳುಗಳು ಹೋದವು. ಮಗಳು ಅಂಬೆಗಾಲಿಡಲು ಕಲಿತದ್ದನ್ನು ನಾನು ಗೋಡೆಯ ಈಚೆಯಿಂದ ಕಿವಿಯಲ್ಲೇ ಕೇಳಿದೆ.

ದಿನವೂ ಬರಲಾಗದೆ ಸಿಸ್ಟರ್ ತಿಂಗಳ ಮಾತ್ರೆ ಒಟ್ಟಿಗೇ ಕೊಟ್ಟುಹೋಗುತ್ತಿದ್ದರು. ಬೆಳಿಗ್ಗೆ ಮಾತ್ರ ತಪ್ಪದೆ ಫೋನು: “ಎಂತ ಮಾರಾಯ್ರೆ, ಮೂತ್ರದ ಬಣ್ಣ ಹೇಗುಂಟು?” ಕೆಂಪು ಎಂದರೆ ಸಾಕು, ಇಟ್ಟುಬಿಡುತ್ತಿದ್ದರು. ಗಂಡಸಿನ ಹತ್ತಿರ ಇದನ್ನು ಕೇಳಲು ನಾಚಿಕೆಯಾದರೂ ಬೇಡವೇ ಎಂದು ನನಗೆ ಸಿಟ್ಟು ಬರುತ್ತಿತ್ತು.

ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಕೆಮ್ಮೂ ನಿಂತಿತ್ತು. ಗುಣವಾಯಿತೆಂದು ನಾನೇ ತೀರ್ಮಾನಿಸಿ ಮಾತ್ರೆಗಳನ್ನು ದಿಂಬಿನ ಚೀಲದೊಳಗೆ ತುರುಕಿದೆ. ಎರಡನೇ ಬೆಳಿಗ್ಗೆ ಖುಷಿಯಿಂದಲೇ ಹೇಳಿದೆ: “ಬಣ್ಣ ಸರಿಯಾಯ್ತು ಸಿಸ್ಟರ್, ಈಗ ನೀರಿನ ಹಾಗೆ ಉಂಟು.” ಕೆಂಪು ರೋಗದ್ದೆಂದು ತಿಳಿದಿದ್ದ ಬುದ್ಧಿವಂತ ನಾನು!

ತಟ್ಟನೆ ಫೋನು ಇಟ್ಟರು. ಬಸ್ಸಿಲ್ಲದ ದಿನಗಳು, ಮಧ್ಯಾಹ್ನಕ್ಕೆ ಸಿಸ್ಟರ್ ಕೊಡೆ ಹಿಡಿದು ನಡೆದೇ ಬಂದು ಅಂಗಳದ ತುದಿಯಲ್ಲಿ ನಿಂತರು. ಮಾಸ್ಕ್ ಬೆವರಿಗೆ ಮುಖಕ್ಕೆ ಅಂಟಿತ್ತು.

“ಕೆಂಪು ಮಾತ್ರೆಯದ್ದು, ರೋಗದ್ದಲ್ಲ. ಎಲ್ಲಿ ಅಡಗಿಸಿದ್ದು? ತನ್ನಿ.”

ದಿಂಬಿನೊಳಗಿಂದ ತೆಗೆದು ತಂದೆ.

“ಹೀಗೆ ಬಿಟ್ಟು ಬಿಟ್ಟು ತಿಂದ್ರೆ ಕ್ರಿಮಿ ಮತ್ತೆ ಮಾತ್ರೆಗೆ ಬಗ್ಗುದಿಲ್ಲ. ಅದೇ ಕ್ರಿಮಿ ನಿಮ್ಮ ಮಗುವಿಗೆ ದಾಟಿದ್ರೆ ನಾನು ಎಂತ ಕೊಡುದು?”

ಅಲ್ಲೇ ನುಂಗಿದೆ, ನಾಲಿಗೆ ಎತ್ತಿದೆ. ನನಗೆ ಅಳು ಬಂತು. ಸಿಸ್ಟರ್ ಕಾರ್ಡಿನಲ್ಲಿ ಗುರುತು ಹಾಕಿ, ಬಂದ ದಾರಿಯಲ್ಲೇ ನಡೆದುಹೋದರು.

ಮಳೆಗಾಲದ ಕೊನೆಗೆ ಪರೀಕ್ಷೆಯಾಯಿತು. ಕಫದಲ್ಲಿ ಕ್ರಿಮಿ ಇರಲಿಲ್ಲ. ಎರಡು ದಿನದಿಂದ ಸಿಸ್ಟರ್ ಫೋನು ಬಂದಿರಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೇ ಮಾಡಿದೆ. ಎತ್ತಿದ್ದು ಅವರ ಮಗಳು.

“ಅಮ್ಮನಿಗೆ ಕೊರೊನಾ, ಮಂಗಳೂರಿಗೆ ಕೊಂಡುಹೋಗಿದ್ದಾರೆ. ನೀವು ಪೆರಾಬೆಯವರಲ್ವಾ? ಬಣ್ಣ ಕೇಳಿ ಬರೆದಿಡ್ಲಿಕ್ಕೆ ಹೇಳಿದ್ದಾರೆ. ಹೇಗುಂಟು?”

“ಕೆಂಪು,” ಎಂದೆ.

ಮೂರು ದಿನಕ್ಕೆ ಸಿಸ್ಟರ್ ತೀರಿಕೊಂಡರು. ಮುಖ ನೋಡಲೂ ಯಾರನ್ನೂ ಬಿಡಲಿಲ್ಲ.

ನನ್ನ ಮಾತ್ರೆ ಇನ್ನೂ ಉಳಿದಿತ್ತು. ಪ್ರತಿ ಬೆಳಿಗ್ಗೆ ಅಂಗಳಕ್ಕೆ ಇಳಿದು, ಅವರು ನಿಂತಿದ್ದ ತುದಿಗೆ ಮುಖಮಾಡಿ ನುಂಗುತ್ತಿದ್ದೆ. ಆಮೇಲೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದೆ.