ಮಾವ ಆಡಿದ ಒಂದೇ ಮಾತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮರ್ಯಾದೆಗೆ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಓದಿದ್ದು ಎಲೆಕ್ಟ್ರಾನಿಕ್ಸ್, ಸೇರಿದ್ದು ಸೇನೆ. ಕಿವಿಗೆ ಬಿದ್ದ ಸದ್ದಿಗೆ ಕಾರಣ ಇದ್ದೇ ಇರಬೇಕು ಎಂದು ನಂಬಿದವಳು. ನೀವು ಇದನ್ನು ನಂಬಲೇಬೇಕೆಂದು ಒತ್ತಾಯಿಸುವುದಿಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಆಗ ನಾನು ಸೇನಾ ಅಕಾಡೆಮಿಯಿಂದ ರಜೆಗೆ ಬಂದಿದ್ದೆ. ಕೊನೆಯ ಕೆಲವು ತಿಂಗಳ ತರಬೇತಿ ಉಳಿದಿತ್ತು. ಅದು ಮುಗಿದು ಅಧಿಕಾರಿಯಾದ ಮೇಲೆ ಯಾವ ವಿಭಾಗಕ್ಕೆ ಹೋಗಬೇಕೆಂದು ಮೊದಲೇ ಬರೆದುಕೊಡಬೇಕು: ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್, ಇಂಜಿನಿಯರ್ಸ್, ಸರಬರಾಜು, ಇನ್ನೂ ಕೆಲವು. ಒಮ್ಮೆ ಸಿಕ್ಕಿದರೆ ಬಹುಮಟ್ಟಿಗೆ ನೌಕರಿ ಪೂರ್ತಿ ಅದೇ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ಅಪ್ಪ, "ಸಿಗ್ನಲ್ಸ್ ಬರಿ, ನಿನ್ನ ಓದಿಗೆ ಹೊಂದತೈತಿ" ಎಂದಿದ್ದರು.

ನನ್ನ ಮನಸ್ಸಿದ್ದದ್ದು ಇಂಜಿನಿಯರ್ಸ್ ಮೇಲೆ. ಆದರೆ ಅವರು ಹೊಳೆಗೆ ಸೇತುವೆ ಹಾಕುವವರು. ನಾನೋ, ಏಳನೇ ವಯಸ್ಸಿನಲ್ಲಿ ಗುತ್ತಲದ ಹತ್ತಿರ ತುಂಗಭದ್ರೆಯಲ್ಲಿ ಮುಳುಗಿ, ಸೋದರಮಾವ ಜಡೆ ಹಿಡಿದು ಎಳೆದದ್ದರಿಂದ ಬದುಕಿದವಳು. ಅಕಾಡೆಮಿಯ ಕೊಳದಲ್ಲಿ ಹೇಗೋ ಈಜಿ ಪಾಸಾಗಿದ್ದೆ. ಹರಿಯುವ ನೀರಿಗೆ ಮಾತ್ರ ಇನ್ನೂ ಅಂಜುತ್ತಿದ್ದೆ. ಈ ಆಸೆಯನ್ನಾಗಲಿ ಅಂಜಿಕೆಯನ್ನಾಗಲಿ ಯಾರಿಗೂ ಹೇಳಿರಲಿಲ್ಲ.

ಆ ಮಾವ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕದ ಕೆಲಸದಲ್ಲಿದ್ದವರು. ಆ ರಜೆಗೆ ಎರಡು ವರ್ಷ ಮೊದಲು ಲಕ್ವಾ ಹೊಡೆದು ಮಾತು ನಿಂತಿತ್ತು. ಮತ್ತೆ ಬರುವುದಿಲ್ಲವೆಂದು ಹಾವೇರಿಯ ವೈದ್ಯರು ಹೇಳಿದ್ದರು.

ರಜೆ ಮುಗಿಯುವ ಮುನ್ನ ಒಂದು ಮಧ್ಯಾಹ್ನ ನೋಡಲು ಹೋದೆ. ಅತ್ತೆ ಬಾಗಿಲ ಬಳಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ನಾನು ಮಂಚದ ಪಕ್ಕ ಕುಳಿತು ಮಾವನ ಕೈ ಹಿಡಿದುಕೊಂಡಿದ್ದೆ. ಘಾಟಿಗೆ ಸೀನು ಬಂದು ಮುಖ ತಿರುಗಿಸಿದಾಗ ಕೇಳಿಸಿತು:

"ನೀರಿಗೆ ಅಂಜಬ್ಯಾಡ ತಂಗಿ. ಸೇತುವೆ ಕಟ್ಟೋರ ಕೂಡ ಹೋಗು."

ಮಾವನದೇ ದನಿ. ಎಲ್ಲೂ ತೊದಲಿರಲಿಲ್ಲ. ತಿರುಗಿ ನೋಡಿದರೆ ತುಟಿ ಮುಚ್ಚಿದ್ದವು. ಕಣ್ಣು ನನ್ನ ಮೇಲೇ ಇದ್ದವು.

"ಅತ್ತಿ, ಮಾವ ಮಾತಾಡಿದ್ರು. ಕೇಳಿಸಲಿಲ್ಲೇನ್ರಿ?"

"ಇಲ್ಲವಾ. ಇಲ್ಲೇ ಕುಂತೇನಲ್ಲ, ಏನೂ ಕೇಳಲಿಲ್ಲ."

ಅಕಾಡೆಮಿಗೆ ಮರಳಿ ಇಂಜಿನಿಯರ್ಸ್ ಎಂದೇ ಮೊದಲು ಬರೆದೆ. ಅದೇ ಸಿಕ್ಕಿತು. ಮಾವ ಮರುವರ್ಷ ತೀರಿಕೊಂಡರು. ಅಲ್ಲಿಯವರೆಗೂ ಮತ್ತೆ ಮಾತಾಡಲಿಲ್ಲ.

ಆಮೇಲೆ ಒಂದು ಮಳೆಗಾಲ ಗುಡ್ಡಗಾಡಿನ ಪ್ರವಾಹದಲ್ಲಿ ನನ್ನ ತುಕಡಿ ಸೇತುವೆ ಹಾಕಿತು. ಇಡೀ ದಿನ ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದೆ. ಅಂಜಿಕೆಯಾಗಲಿಲ್ಲ. ನಾಲ್ಕು ದಿನ ಆಚೆ ಸಿಕ್ಕಿಬಿದ್ದಿದ್ದ ಊರಿನವರು ಒಬ್ಬೊಬ್ಬರಾಗಿ ದಾಟಿ ಬಂದರು. ಒಬ್ಬ ಬಾಣಂತಿ ಕೂಸನ್ನು ನನ್ನ ಕೈಗೆ ಕೊಟ್ಟು ಸೆರಗು ಹಿಂಡಿಕೊಂಡಳು. ಆ ಕೂಸಿನ ಬಿಸಿ ತಾಗಿದಾಗ ಮಾವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ನನ್ನ ಆಸೆಯೇ ಅವರ ದನಿಯಲ್ಲಿ ಕೇಳಿಸಿತೇ? ಇರಬಹುದು. ಎಷ್ಟೋ ಸಲ ಹಾಗೆಂದುಕೊಂಡಿದ್ದೇನೆ, ಸಮಾಧಾನವಾಗಿಲ್ಲ.

ಹೋದ ಬೇಸಿಗೆಯಲ್ಲಿ ಅತ್ತೆಗೆ ಇದನ್ನೆಲ್ಲ ಹೇಳಿದೆ.

"ನಿನಗರ ಕೇಳಿಸಿತಲ್ಲ, ಚೊಲೊ ಆತು," ಎಂದರು. "ನನ್ನ ಹೆಸರು ಹಿಡಿದು ಒಮ್ಮಿ ಕರೀತಾರೇನೋ ಅಂತ ನಾನೂ ದಿನಾ ಕಾಯ್ತಿದ್ದೆ."