ಪ್ರೇಮವ್ವ ಹಾಕದ ಓಟು

ಸ್ಯಾನ್ ಡಿಯಾಗೋದಲ್ಲಿ, ವಿಶ್ವವಿದ್ಯಾಲಯದ ಎದುರಿನ ಝೆರಾಕ್ಸ್ ಅಂಗಡಿ. ಹೊರಗೆ ಇನ್ನೂ ಬೆಳಕು ಹರಿದಿಲ್ಲ, ಸಮುದ್ರದ ಮಂಜು ಗಾಜಿನ ಬಾಗಿಲಿಗೆ ಅಂಟಿಕೊಂಡಿದೆ. ಒಳಗೆ ಪ್ರೇಮವ್ವ ಉದ್ದನೆಯ ಮೇಜಿನ ಸುತ್ತ ನಡೆಯುತ್ತಿದ್ದಾರೆ. ಮೇಜಿನ ಅಂಚಿಗೆ ಬಿಸಿ ಆರದ ಹಾಳೆಗಳ ಕಟ್ಟುಗಳು. ಒಂದೊಂದು ಕಟ್ಟಿನಿಂದ ಒಂದೊಂದು ಹಾಳೆ ಎತ್ತುತ್ತಾರೆ. ಸುತ್ತು ಮುಗಿದಾಗ ಹಾಳೆಗಳನ್ನು ತಟ್ಟಿ ಸಮ ಮಾಡಿ ಪಕ್ಕಕ್ಕಿಟ್ಟು ಮತ್ತೆ ಹೊರಡುತ್ತಾರೆ.

"ಗುಡಿ ಸುತ್ತಿದಂಗ ನೋಡ್ರಿ. ದೇವರು ಒಂದು ಕಾಣೂದಿಲ್ಲ ಅಷ್ಟ" ಎನ್ನುತ್ತಾರೆ, ನಡಿಗೆ ನಿಲ್ಲಿಸದೆ.

ಪ್ರೊಫೆಸರುಗಳು ಹತ್ತಾರು ಪುಸ್ತಕಗಳಿಂದ ಬೇಕಾದ ಅಧ್ಯಾಯಗಳನ್ನು ಗುರುತು ಮಾಡಿ ಕೊಡುತ್ತಾರೆ. ಪ್ರೇಮವ್ವ ಅವುಗಳ ಪ್ರತಿ ತೆಗೆದು, ಜೋಡಿಸಿ, ಪ್ಲಾಸ್ಟಿಕ್ ಸುರುಳಿ ಹಾಕಿ ಒಂದು ಪುಸ್ತಕ ಮಾಡುತ್ತಾರೆ. ಎಂಟು ಗಂಟೆಗೆ ಬಾಗಿಲು ತೆರೆದಾಗ ಹುಡುಗರು ಸಾಲು ನಿಂತಿರುತ್ತಾರೆ. ಪುಸ್ತಕ ಮಾಡಿದವರು ಯಾರು ಎಂದು ಈ ಆರು ವರ್ಷಗಳಲ್ಲಿ ಯಾರೂ ಕೇಳಿಲ್ಲ. ಪ್ರೇಮವ್ವನಿಗೆ ಅದರ ಬೇಸರವೂ ಇಲ್ಲ.

ಅವರು ಅತಿ ಹೆಚ್ಚು ಪ್ರತಿ ತೆಗೆದದ್ದು ರಾಜ್ಯಶಾಸ್ತ್ರದ ಪಾಠಗಳನ್ನು. ರಾಜನ ಅಧಿಕಾರ ದೇವರು ಕೊಟ್ಟದ್ದಲ್ಲ, ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಬಂದದ್ದು ಎಂದು ಇನ್ನೂರು ಮುನ್ನೂರು ವರ್ಷಗಳ ಹಿಂದೆ ವಾದಿಸಿದ ಯುರೋಪಿನ ಚಿಂತಕರ ಬರಹಗಳು ಅವು. ಹಕ್ಕು ಎಂಬುದು ಮನುಷ್ಯ ಹುಟ್ಟುವಾಗಲೇ ತರುವಂಥದ್ದು, ಅಧಿಕಾರ ಒಬ್ಬನ ಕೈಯಲ್ಲೇ ಇರಬಾರದು ಎಂದೆಲ್ಲ ಬರೆದವರು. ಗದಗಿನಲ್ಲಿ ಪಿಯುಸಿ ಮುಗಿಸಿ ಬಂದ ಪ್ರೇಮವ್ವ ಮೇಜು ಸುತ್ತುತ್ತಲೇ ಇವನ್ನು ಓದಿದ್ದಾರೆ, ಅದೂ ತುಂಡು ತುಂಡಾಗಿ. ಅರ್ಧಕ್ಕರ್ಧ ತಿಳಿದಿಲ್ಲ ಎಂದು ತಾವೇ ಹೇಳುತ್ತಾರೆ. "ಆ ಫ್ರಾನ್ಸಿನಾವ ಒಂದು ವಾಕ್ಯ ಶುರು ಮಾಡಿದ್ರ ನಾ ಎರಡು ಸುತ್ತು ಹಾಕಿ ಬಂದರೂ ಮುಗಿಸಿರೂದಿಲ್ಲ. ಇಂಗ್ಲೆಂಡಿನಾವ ಬರೇ ಒಪ್ಪಿಗಿ, ಒಪ್ಪಿಗಿ ಅಂತಾನ. ಅದೊಂದು ತಲ್ಯಾಗ ಕೂತು ಬಿಟ್ಟದ."

ಕೂತದ್ದಕ್ಕೆ ಕಾರಣವಿದೆ. ಮೂವತ್ತನಾಲ್ಕು ವರ್ಷದ ಪ್ರೇಮವ್ವ ಈವರೆಗೆ ಒಮ್ಮೆಯೂ ಓಟು ಹಾಕಿಲ್ಲ. ೧೯೭೦ರಲ್ಲಿ ಎಂಜಿನಿಯರ್ ಗಂಡ ಮಹಾಂತಪ್ಪನವರ ಜೊತೆ ಅಮೆರಿಕದ ವಿಮಾನ ಹತ್ತಿದಾಗ ಇಪ್ಪತ್ತು ತುಂಬಿತ್ತು. ಊರಲ್ಲಿ ಆಗ ಓಟಿಗೆ ಇಪ್ಪತ್ತೊಂದಾಗಬೇಕಿತ್ತು. ಇಲ್ಲಿ ಓಟು ಹಾಕಲು ಇಲ್ಲಿಯ ಪ್ರಜೆಯಾಗಬೇಕು, ಆಗುವ ದಿನ ಕೈ ಎತ್ತಿ ಹಳೆಯ ದೇಶವನ್ನು ಬಿಟ್ಟೆ ಎಂದು ಪ್ರಮಾಣ ಮಾಡಬೇಕು. ಮಹಾಂತಪ್ಪ ಏಳು ವರ್ಷಗಳ ಹಿಂದೆಯೇ ಮಾಡಿ ಬಂದರು. ಅಪ್ಲೈ ಮಾಡು, ಬರೀ ಐದು ನಿಮಿಷದ ಮಾತು ಎಂದು ಹೆಂಡತಿಗೆ ಹೇಳಿ ಹೇಳಿ ಈಗ ಸುಮ್ಮನಾಗಿದ್ದಾರೆ.

"ಬಿಡಾಕ ನಾ ತಯಾರ ಅದೀನ್ರಿ," ಎನ್ನುತ್ತಾರೆ ಪ್ರೇಮವ್ವ. "ಆದ್ರ ಒಮ್ಮೆನೂ ಹಾಕದ ಓಟು ಹೆಂಗ ಬಿಟ್ಟುಕೊಡ್ಲಿ? ಊರಾಗ ಒಂದು ಸಲ ಹಾಕಿ ಬರತೀನಿ, ಆಮ್ಯಾಲ ಬೇಕಾದ್ದು ಬರಸ್ಕೋರಿ."

ಊರಿನ ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಇದೆ. ಇಪ್ಪತ್ತೊಂದು ತುಂಬಿದಾಗ ಮನೆಯವರು ಸೇರಿಸಿದ್ದು, ತೆಗೆಸಿಲ್ಲ. ಅದನ್ನೇ ನಂಬಿ ೧೯೮೦ರ ಜನವರಿಯ ಚುನಾವಣೆಗೆ ಸರಿಯಾಗಿ ಊರಿಗೆ ಹೋದರು. ಮತದಾನದ ದಿನ ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು ಪಡಸಾಲೆಗೆ ಬಂದರೆ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಶಾರದವ್ವ ಚಹಾ ತಂದಿಟ್ಟು, ಎಲ್ಲಿ ಹೊಂಟಿ ಎಂದು ಕೇಳಿದರು. ಓಟಿಗೆ ಎಂದಾಗ ನಕ್ಕರಂತೆ. "ನಿಂದು ಮುಂಜಾನೇನ ಆತು. ದಣದು ಬಂದೀಯಲ್ಲ, ಬಿಸಲಾಗ ಯಾಕ ನಿಲ್ಲಬೇಕಂತ ನಮ್ಮ ಹುಡುಗೀನ ಕಳಿಸಿದ್ನಿ."

ಓಟಿನ ವಯಸ್ಸಾಗದ ಶಾರದವ್ವನ ಮಗಳು ಶಾಯಿ ಹತ್ತಿದ ಬೆರಳನ್ನು ಸಂಭ್ರಮದಿಂದ ತೋರಿಸಿದಳು. ಹಿಂದಿನ ಚುನಾವಣೆಗಳಲ್ಲೂ ಹೀಗೇ ಯಾರೋ ಒಬ್ಬರು ಪ್ರೇಮವ್ವನಾಗಿ ಹೋಗಿ ಬಂದಿದ್ದರು. ಅದರಲ್ಲಿ ಮೋಸವಿದೆ ಎಂದು ಆ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ. ಹೊಲ, ದನ, ಓಟು, ಎಲ್ಲ ಮನೆಯವು. ಇಲ್ಲದವರ ಪಾಲನ್ನು ಇದ್ದವರು ನೋಡಿಕೊಳ್ಳಬೇಕು.

"ಅಕ್ಕಾರು ಪ್ರೀತೀಲೆ ಮಾಡಿದ್ದು, ಬೈಯಾಕ ಬಾಯಿ ಬರಲಿಲ್ಲ. ಉಟ್ಟ ಸೀರಿ ಬಿಚ್ಚಿ ಮಡಚಿಟ್ಟೆ."

ಈಗ, ೧೯೮೪ರಲ್ಲಿ, ಚುನಾವಣೆ ಎರಡೂ ದೇಶಗಳಲ್ಲಿ ಹತ್ತಿರ ಬಂದಿದೆ. ಊರಂಚಿನ ಮಿರಾ ಮೆಸಾ ಬಡಾವಣೆಯಲ್ಲಿ ಪ್ರೇಮವ್ವನ ಎದುರುಮನೆಯ ಗ್ಯಾರೇಜೇ ಮತಗಟ್ಟೆ. ಆ ಮನೆಯವರು ಕಾರು ಹೊರಗಿಟ್ಟು, ಬಾವುಟ ನೆಟ್ಟು ತಯಾರಿ ಮಾಡುತ್ತಾರೆ. ಕುರ್ಚಿ ಸಾಲದೆ ಪ್ರತಿ ಸಲ ಇವರ ಮನೆಯ ಮಡಚುವ ಕುರ್ಚಿಗಳನ್ನು ಒಯ್ಯುತ್ತಾರೆ. "ನನ್ನ ಕುರ್ಚಿ ಎಷ್ಟೋ ಸಲ ಹೋಗಿ ಬಂದಾವು. ನಾ ರಸ್ತಾದ ಈ ಕಡೀನ ಅದೀನಿ" ಎಂದು ನಗುತ್ತಾರೆ. ಆ ನಗೆ ಬಹಳ ಹೊತ್ತು ನಿಲ್ಲುವುದಿಲ್ಲ.

ಊರಲ್ಲಿ ಚುನಾವಣೆ ಡಿಸೆಂಬರಿಗೋ ಜನವರಿಗೋ ಬರಬಹುದು. ಹೊಸ ತರಗತಿಗಳಿಗೆ ಪುಸ್ತಕ ಕಟ್ಟುವ ಕಾಲವೂ ಅದೇ. ರಜೆ ಇಲ್ಲ ಎಂದು ಅಂಗಡಿಯ ಮಾಲೀಕ ಹೇಳಿಯಾಗಿದೆ. ಹೋಗಲೇಬೇಕೆಂದರೆ ಕೆಲಸ ಬಿಡಬೇಕು, ಬಿಟ್ಟು ಹೋಗುವಷ್ಟು ಅನುಕೂಲ ಮನೆಯಲ್ಲಿ ಇಲ್ಲ.

ಕಳೆದ ಭಾನುವಾರ ಊರಿನಿಂದ ಫೋನು ಬಂತು. ಮನೆಯ ಸುದ್ದಿಯೆಲ್ಲ ಮುಗಿದ ಮೇಲೆ ಶಾರದವ್ವ, ಈ ಸಲವೂ ನಿನ್ನ ಓಟು ನಾವೇ ಹಾಕೋಣವೇನು ಎಂದು ಕೇಳಿದರು. ಹೀಗೆ ಕೇಳಿದ್ದು ಅದೇ ಮೊದಲು. ಮಡಚಿಟ್ಟ ಸೀರೆ ನೆಗೆಣ್ಣಿಯ ಮನಸ್ಸಿನಲ್ಲೂ ಇಷ್ಟು ದಿನ ಉಳಿದಿತ್ತೋ ಏನೋ.

ಪ್ರೇಮವ್ವ ಮೇಜಿನ ಹತ್ತಿರ ನಿಂತು ಕೊನೆಯ ಕಟ್ಟನ್ನು ತಟ್ಟಿ ಸಮ ಮಾಡುತ್ತಾರೆ. ಹೊರಗೆ ಹುಡುಗರ ಸಾಲು ಬೆಳೆದಿದೆ.

"ಬ್ಯಾಡ ಅಂದೆ. ಖಾಲಿ ಇರಲಿ ಬಿಡ್ರಿ ಅಕ್ಕಾರ ಅಂದೆ. ಹಾಕಾಕಂತೂ ಆಗಲಿಲ್ಲ. ಆದ್ರ ಈ ಸಲ ಅದನ್ನ ಖಾಲಿ ಬಿಟ್ಟಾಕಿ ನಾನ, ಬ್ಯಾರೇ ಯಾರೂ ಅಲ್ಲ."

ಹಾಳೆ ಎತ್ತಲು ಬೆರಳಿಗೆ ಹಾಕಿಕೊಂಡಿದ್ದ ರಬ್ಬರ್ ಟೊಪ್ಪಿಗೆ ತೆಗೆದು ಜೇಬಿಗೆ ಹಾಕಿಕೊಂಡು, ಬಾಗಿಲು ತೆರೆಯಲು ಹೋಗುತ್ತಾರೆ.